ಸಮಾಧಿಗಲ್ಲಿನ ಎರಡನೇ ಸಾಲು

ಮನೆಯ ಹೊಸ ಮೆಟ್ಟಿಲಿಗೆ ಕಲ್ಲು ಕೊಯ್ಯುತ್ತಿದ್ದರು. ಅಲಗಿನ ಮೇಲೆ ನೀರು ಬಿದ್ದಾಗ ಎದ್ದ ಹಸಿ ಕಲ್ಲುಪುಡಿಯ ವಾಸನೆಗೆ ಅಕ್ಕೋರು ನೆನಪಾದರು… ಮೂಡಲಗಿಯಲ್ಲಿ ನಮ್ಮ ಬಾಜೂ ಮನೆಯವರು, ನನಗೆ ಅಕ್ಷರ ತಿದ್ದಿಸಿದ ಶಿಕ್ಷಕಿ.

ನಾನು ಎಂ.ಎ. ಓದುತ್ತಿದ್ದಾಗ ಅವರ ಗಂಡ ತೀರಿಕೊಂಡರು. ತಮ್ಮ ಕ್ರೈಸ್ತ ವಾಡಿಕೆಯಂತೆ ಪೂರ್ವಕ್ಕೆ ಕಾಲು ಮಾಡಿ ಮಲಗಿಸಿದರು. ಕ್ರಿಸ್ತ ಮೂಡಣದಿಂದ ಬಂದಾಗ ಎದ್ದು ನಿಂತರೆ ಮುಖ ಆ ಕಡೆಗೇ ಇರಬೇಕು ಎಂದು. ಕೆಲವು ತಿಂಗಳ ಮೇಲೆ ಸಮಾಧಿಗಲ್ಲು ಮಾಡಿಸಲು ಗೋಕಾಕಕ್ಕೆ ಹೊರಟ ಅಕ್ಕೋರು ನನ್ನನ್ನೂ ಕರೆದರು. ಕಲ್ಲಿನ ಮೇಲೆ ನಾನು ಸೀಮೆಸುಣ್ಣದಲ್ಲಿ ಬರೆದುಕೊಡಬೇಕು, ಕಲ್ಲುಕುಟಿಗ ಅದರ ಮೇಲೆ ಉಳಿ ನಡೆಸುತ್ತಾನೆ.

ಬಸ್ಸು ಕಲ್ಲೋಳಿ ದಾಟುವಾಗ ಅವರು ಕೇಳಿದರು: “ಸಾಲಿಯಿಂದ ನಾ ಬರೂತನಕ ಅವರು ಒಂದ ದಿನಾನೂ ಉಂಡಾವರಲ್ಲ. ಅಲ್ಲೂ ಹಂಗ ಕಾಯ್ಕೋತ ಕುಂತಿರಬಹುದೇನು?”

ಗೋಕಾಕದ ಕಲ್ಲುಕುಟಿಗನ ಅಂಗಳಕ್ಕೆ ಅವರ ಮೈದುನ, ತಂಗಿ ಆಗಲೇ ಬಂದಿದ್ದರು.

ಕಲ್ಲಿನ ಮೇಲೆ ಹೆಸರು ಬರೆದೆ. ಎರಡನೇ ಸಾಲಿಗೆ ಜಗಳ ಶುರುವಾಯಿತು.

“‘ನಿದ್ರಿಸುತ್ತಿದ್ದಾರೆ’ ಅಂತ ಬರೀವಾ,” ಎಂದರು ಅಕ್ಕೋರ ಮೈದುನ. ಸಣ್ಣದೊಂದು ಕ್ರೈಸ್ತ ಸಭೆಯ ಬೋಧಕರು ಅವರು. “ಕಡೀ ತುತೂರಿ ಊದೂತನಕ ಅಣ್ಣಾರಿಗೆ ಎಚ್ಚರಿಲ್ಲ. ಪ್ರಭು ಬರೂದೂ ಭಾಳ ದೂರಿಲ್ಲ.”

ಬೇರೆ ಸಭೆಗೆ ಹೋಗುವ ಅಕ್ಕೋರ ತಂಗಿ ಒಪ್ಪಲಿಲ್ಲ. “ಕಣ್ಣು ಮುಚ್ಚಿದ ಗಳಿಗಿಗೇ ಭಾವಾರು ಪ್ರಭುವಿನ ಹಂತೇಕ ಮುಟ್ಟ್ಯಾರ. ‘ಪ್ರಭುವಿನ ಸನ್ನಿಧಿಯಲ್ಲಿದ್ದಾರೆ’ ಅಂತ ಬರಿ.”

“ಹಂಗಾರ ಕಡೀ ದಿನ ಎಬ್ಬಸೂದು ಯಾರನ್ನ?”

“ಮಣ್ಣಾಗಿನ ಮೈ ಎಬ್ಬಸ್ತಾನ್ರಿ. ನೀವು ಮೊದಲ ನಿಮ್ಮ ಪ್ರಸಂಗದಾಗ ಮಲಗಿದವರನ್ನ ಎಬ್ಬಸ್ರಿ!”

ಕಲ್ಲುಕುಟಿಗ ಉಳಿ ಕೆಳಗಿಟ್ಟ. “ನಮ್ಮ ಮಂದೀದಾಗಿದ್ರ ‘ಲಿಂಗೈಕ್ಯ’ ಅಂತ ಹೊಡದು ಇಷ್ಟೊತ್ತಿಗೆ ಊಟಕ್ಕ ಕುಂತಿರ್ತಿದ್ನಿ.”

ಅಕ್ಕೋರು ನಕ್ಕುಬಿಟ್ಟರು. ಆಮೇಲೆ ಕಲ್ಲಿನ ಮೇಲೆ ಅಂಗೈ ಊರಿ ಹೇಳಿದರು:

“ಮಲಗಿದ್ರ ಅವರಿಗೆ ತಡಾ ಆದದ್ದು ತಿಳಿಯೂದ ಇಲ್ಲ. ಸಾವಿರ ವರ್ಷಾದ್ರೂ ಹಿಂಗ ಮುಚ್ಚಿ ಹಂಗ ಕಣ್ಣು ತೆರದಂಗ. ಪ್ರಭು ಹಂತೇಕ ಇದ್ರ ಒಬ್ಬರ ಅಲ್ಲ. ಹೆಂಗಿದ್ರೂ ಅವರು ಕಾಯಾಕತ್ತಿಲ್ಲ. ಕಾಯೂದು ಇನ್ನ ನಂದು.”

ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಹಲಗೆಯ ಮೇಲೆ ಬರೆಯುವಷ್ಟೇ ದುಂಡಗೆ, ತಾವೇ ಬರೆದರು: ‘ಕಾಯುತ್ತಿದ್ದೇನೆ.’

ತಂಗಿ ತಲೆಯ ಮೇಲೆ ಸೆರಗು ಎಳೆದುಕೊಂಡರು, ಪ್ರಾರ್ಥನೆಗೆ ನಿಂತವರಂತೆ. ಯಾವ ನಂಬಿಕೆಯೂ ಇಲ್ಲ ಎಂದುಕೊಂಡಿದ್ದ ನಾನು, ಸಾವಿರ ವರ್ಷ ಒಂದು ರೆಪ್ಪೆಯೊಳಗೆ ಮಡಚಿಕೊಂಡದ್ದನ್ನು ಆ ಧೂಳಿನಲ್ಲಿ ನಿಂತು ಕಂಡಿದ್ದೆ.

ಕಂಡಿದ್ದೆನೇ? ಅಕ್ಕೋರು ಅಷ್ಟು ನೇರವಾಗಿ ಹೇಳಿದರೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿ ತಿದ್ದಿ ನೇರ ಮಾಡಿದೆನೋ… ಆ ದಿನದ ನನ್ನ ದಿನಚರಿಯಲ್ಲಿರುವುದು ಒಂದೇ ಪದ, ಕಲ್ಲಿನ ಮೇಲಿನದು.

ಅಕ್ಕೋರು ಈಗಿಲ್ಲ. ಮೆಟ್ಟಿಲಿನ ಕೆಲಸ ಮುಗಿದ ಮರುದಿನ ಮೂಡಲಗಿಗೆ ಹೋಗಿದ್ದೆ. ಅವರನ್ನೂ ಪಕ್ಕದಲ್ಲೇ, ಪೂರ್ವಕ್ಕೆ ಕಾಲು ಮಾಡಿ ಮಲಗಿಸಿದ್ದಾರೆ. ಹೊಸ ಕಲ್ಲು ಹಾಕಿಸಿಲ್ಲ. ಅದೇ ಕಲ್ಲಿನಲ್ಲಿ ಕೆಳಗೆ ಅವರ ಹೆಸರು ಸೇರಿಸಿದ್ದಾರೆ. ಅವರು ಬರೆದ ಪದ ಈಗ ಎರಡು ಹೆಸರುಗಳ ನಡುವೆ ಇದೆ. ಅದನ್ನು ಹೇಳುತ್ತಿದ್ದವರು ಹೋದರು. ಅವರ ಲೆಕ್ಕದಂತೆ ಅಲ್ಲಿ ಇನ್ನು ಯಾರೂ ಕಾಯುತ್ತಿಲ್ಲ.

ಬರುವ ಮುಂಚೆ ನಾನೂ ಸ್ವಲ್ಪ ಹೊತ್ತು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೆ.