ಸಣ್ಣಜ್ಜನ ಹೆಸರಿನ ಎಲೆ

ಮಳೆಗಾಲದಲ್ಲಿ ನಮ್ಮ ಕೋಡಿಂಬಾಳದ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಆಮೇಲೆ ಕ್ಷೇಮ ಸಮಾಚಾರ ಕೇಳುತ್ತಾರೆ. ಅವರ ತಪ್ಪಲ್ಲ. ಬಿಸಿಲಿಲ್ಲದ ದಿನಗಳಲ್ಲಿ ರಬ್ಬರು ಶೀಟುಗಳನ್ನು ಹೊಗೆಗೂಡಿನಲ್ಲಿ ನೇತುಹಾಕಿ ಒಣಗಿಸುತ್ತೇವೆ. ಹುಳಿತ ಹಾಲಿಗೂ ಸುಟ್ಟ ಚಪ್ಪಲಿಗೂ ನಡುವಿನ ವಾಸನೆ ಅದು. ಬಟ್ಟೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ನಾನು ಮಾಡಿದ ಸಾರಿಗೂ ಹತ್ತುತ್ತದೆಂದು ನನ್ನ ನಾದಿನಿಯ ದೂರು. ಮದುವೆಯಾದಾಗಿನಿಂದ ಇದರೊಳಗೇ ಇರುವ ನನಗೆ ಅದು ತಿಳಿಯುವುದೇ ಇಲ್ಲ. ಇವತ್ತು ಮಾತ್ರ, ನಾಳೆ ತವರಿಗೆ ಹೋಗಲೆಂದು ಕಪಾಟಿನಿಂದ ಹೊಸ ಸೀರೆ ತೆಗೆದು ಬಿಡಿಸಿದೆನೋ ಇಲ್ಲವೋ, ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಕೂಡಲೇ ಸಣ್ಣಜ್ಜ ನೆನಪಾದರು. ಈ ರಬ್ಬರಿಗೆ ಹೆದರಿ ನನ್ನ ಮನೆಗೆ ಒಮ್ಮೆಯೂ ಕಾಲಿಡದೆ ಹೋದವರು ಅವರು.

ಹೆದರಿಕೆಯ ವಿಷಯದಲ್ಲಿ ನಾನು ಯಾರನ್ನೂ ನೋಡಿ ನಗುವ ಹಾಗಿಲ್ಲ. ಹಲ್ಲಿ ಬಿದ್ದರೆ ಮನೆ ಎದ್ದು ಕೂರುವಷ್ಟು ಕೂಗುವವಳು ನಾನು. ಗ್ಯಾಸ್ ಸಿಲಿಂಡರನ್ನು ಈಗಲೂ ಗಂಡನೇ ಬದಲಿಸಬೇಕು. ಆದರೆ ಸಣ್ಣಜ್ಜನ ಹೆದರಿಕೆ ಆ ಜಾತಿಯದಲ್ಲ. ಕೊಲ್ಲಮೊಗ್ರಿನ ನಮ್ಮ ತವರುಮನೆಯಲ್ಲಿ ಅವರು ನನ್ನ ಅಜ್ಜನ ತಮ್ಮ, ಊರಿಗೆಲ್ಲ ಮಿಲಿಟ್ರಿ ಅಜ್ಜ. ಕಾಡಂಚಿನ ಗದ್ದೆಗೆ ಆನೆ ಇಳಿದಾಗ ಪಂಜು ಹಿಡಿದು ಮುಂದೆ ನಡೆಯುತ್ತಿದ್ದವರೂ ಅವರೇ. ಅಂಥವರು ನನ್ನ ಮದುವೆಯ ಮಾತುಕತೆಯಾಗುವಾಗ ಒಂದೇ ಒಂದು ಪ್ರಶ್ನೆ ಕೇಳಿದರು.

"ಹುಡುಗನಿಗೆ ಜಾಗ ಎಂತ ಉಂಟು?"

"ಅಡಿಕೆ ಸ್ವಲ್ಪ, ರಬ್ಬರು ಜಾಸ್ತಿ" ಎಂದರು ಅಪ್ಪ.

ಸಣ್ಣಜ್ಜ ಕೈಯಲ್ಲಿದ್ದ ಚಾ ಲೋಟವನ್ನು ಕೆಳಗಿಟ್ಟರು. "ಹಾಗಾದ್ರೆ ಕೂಸನ್ನು ಅಲ್ಲಿಗೆ ಕೊಡುದು ಬೇಡ" ಎಂದು ಎದ್ದು ಹೋದರು. ಮುದುಕರಿಗೆ ಅರಳುಮರಳು ಎಂದು ಎಲ್ಲರೂ ನಕ್ಕರು. ಮದುವೆ ನಡೆಯಿತು. ಆಮೇಲೊಮ್ಮೆ ನನ್ನನ್ನು ನೋಡುವ ಆಸೆ ತಡೆಯಲಾರದೆ ಬಸ್ಸು ಹತ್ತಿ ಬಂದೂ ಬಂದರಂತೆ. ನಮ್ಮ ಮನೆಯ ದಾರಿ ತಿರುಗುವಲ್ಲಿ ಇಳಿದು, ಎರಡೂ ಬದಿಯ ರಬ್ಬರು ತೋಟ ನೋಡಿ, ಕೈಯಲ್ಲಿದ್ದ ಹಲಸಿನ ಹಪ್ಪಳದ ಕಟ್ಟನ್ನು ಹತ್ತಿರದ ಅಂಗಡಿಯಲ್ಲಿ ಕೊಟ್ಟು, ಮುಂದಿನ ಬಸ್ಸಿಗೆ ವಾಪಸು. ಹಪ್ಪಳ ತಂದುಕೊಟ್ಟ ಅಂಗಡಿಯವರು, "ನಿಮ್ಮ ಅಜ್ಜನಿಗೆ ಎಂತ ಆಗಿದೆ ಮಾರಾಯ್ತಿ? ಬೆವರು ಇಳಿತಾ ಉಂಟು, ಒಂದು ಗ್ಲಾಸು ನೀರೂ ಕುಡಿಲಿಲ್ಲ" ಎಂದರು. ನಾನು ಹಪ್ಪಳ ಹಿಡಿದುಕೊಂಡು ಅತ್ತುಬಿಟ್ಟೆ.

ಸಣ್ಣಜ್ಜ ಯುದ್ಧಕ್ಕೆ ಹೋದದ್ದು ಹಿಟ್ಲರನನ್ನು ಸೋಲಿಸಲಿಕ್ಕೇನಲ್ಲ. ಅಣ್ಣನ ಹತ್ತಿರ ಯಾವುದೋ ಮಾತಿಗೆ ಸಿಟ್ಟು ಮಾಡಿಕೊಂಡು ಘಟ್ಟ ಹತ್ತಿ ಮಡಿಕೇರಿಗೆ ಹೋದರು. ಅಲ್ಲಿ ಸೈನ್ಯದ ಪಟಾಲಮ್ಮಿಗೆ ಜನ ಸೇರಿಸುತ್ತಿದ್ದರು. ಎತ್ತರ ಅಳೆದರು, ಎದೆ ಅಳೆದರು, ಹಡಗಿಗೆ ಹತ್ತಿಸಿದರು. ಇಳಿದದ್ದು ಮಲಯದಲ್ಲಿ. ಆಗ ಅಲ್ಲಿ ಯುದ್ಧ ಇರಲಿಲ್ಲ, ರಬ್ಬರು ತೋಟಗಳಿದ್ದವು. ವರ್ಷ ಮುಗಿಯುವ ಮೊದಲೇ ಜಪಾನಿನವರು ಕಡಲ ದಂಡೆಯಲ್ಲಿ ಇಳಿದರು. ಅವರು ಬಂದದ್ದು ಸೈಕಲಿನಲ್ಲಿ. ಟಯರು ಪಂಕ್ಚರಾದರೂ ನಿಲ್ಲಿಸದೆ ಬರಿಯ ರಿಮ್ಮಿನ ಮೇಲೆ ಬಿಟ್ಟುಕೊಂಡು ಬರುತ್ತಿದ್ದರಂತೆ. ಅದರ ಗಡಗಡ ಸದ್ದಿಗೆ ಟ್ಯಾಂಕೇ ಬಂತೆಂದು ಇವರ ಕಡೆಯವರು ಓಡುವುದು. ಓಡುತ್ತಾ ಓಡುತ್ತಾ ಸಿಂಗಾಪುರದವರೆಗೆ ಬಂದರು. ಅಲ್ಲಿ ಬ್ರಿಟಿಷ್ ದೊರೆಗಳು ಕೈ ಎತ್ತಿದರು. ಉಳಿದ ಯುದ್ಧವಿಡೀ ಸಣ್ಣಜ್ಜ ಜಪಾನಿನವರ ಸೆರೆಯಲ್ಲಿ ಮಣ್ಣು ಹೊತ್ತರು. ಜಪಾನಿನ ಮೇಲೆ ಆ ಎರಡು ಬಾಂಬು ಬಿದ್ದ ಮೇಲೆಯೇ ಬಿಡುಗಡೆ.

ಇಷ್ಟನ್ನು ಅವರು ಯಾರು ಕೇಳಿದರೂ ಹೇಳುತ್ತಿದ್ದರು. ಮನೆಯಲ್ಲಿ ಆ ಹೊತ್ತಿಗೆ ಆದದ್ದನ್ನು ಹೇಳಿದವರು ನನ್ನ ಅಜ್ಜಿ, ಅಂದರೆ ಅವರ ಅತ್ತಿಗೆ. ಸಿಂಗಾಪುರ ಬಿದ್ದ ಮೇಲೆ ಸಣ್ಣಜ್ಜನ ಸುದ್ದಿಯೇ ಇಲ್ಲ. ಅದೇ ವರ್ಷ ಅಜ್ಜಿಯ ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ, ಹಟ್ಟಿಯಲ್ಲಿ ಎರಡು ಹಸು ಸತ್ತವು. ಇನ್ನೇನು, ಜೋಯಿಸರಲ್ಲಿ ಪ್ರಶ್ನೆ ಇಟ್ಟರು. ಹುಡುಗ ತೀರಿಹೋಗಿದ್ದಾನೆ, ದಾರಿ ಕಾಣದೆ ಅಲೆಯುತ್ತಿದ್ದಾನೆ ಎಂದು ಬಂತು. ಸರಿ, ಬೊಜ್ಜ ಮಾಡಿದರು. ನಮ್ಮಲ್ಲಿ ಉತ್ತರಕ್ರಿಯೆಗೆ ಹಾಗೆ ಹೇಳುವುದು. ಮನೆಯಲ್ಲಿ ಹಿಂದೆ ಸತ್ತವರ ಸಾಲಿಗೆ ಅವರನ್ನೂ ಕರೆದು ಸೇರಿಸಿದರು. ಸೇರಿಸಿದ ಮೇಲೆ ವರ್ಷ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸಬೇಕು. ಒಳಕೋಣೆಯಲ್ಲಿ ಸತ್ತವರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ, ಅನ್ನ, ಕೋಳಿ, ರೊಟ್ಟಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುವುದು. ಸ್ವಲ್ಪ ಹೊತ್ತಿನ ನಂತರ ಬಾಗಿಲು ತಟ್ಟಿ ಒಳಗೆ ಹೋಗುವುದು.

"ಮೊದಲನೇ ಆಟಿಗೇ ಇವನ ಎಲೆಯ ಅನ್ನ ಕೆದಕಿತ್ತು, ರೊಟ್ಟಿ ಮುರಿದಿತ್ತು" ಎನ್ನುತ್ತಿದ್ದರು ಅಜ್ಜಿ. "ಬೇರೆ ಎಲೆ ಎಲ್ಲ ಇಟ್ಟ ಹಾಗೇ ಉಂಟು. ನಾವು ಸಮಾಧಾನ ಮಾಡಿಕೊಂಡೆವು, ಪಾಪ, ಬಂದು ಮುಟ್ಟಿದ ಅಂತ."

ಹಾಗೆ ಬಂದು ಮುಟ್ಟಿದವನು ಒಂದು ದಿನ ಮಧ್ಯಾಹ್ನ ಖಾಕಿ ಚೀಲ ಹೊತ್ತು ಅಂಗಳಕ್ಕೆ ಬಂದು ನಿಂತರೆ ಹೇಗಾಗಬೇಡ? ಭತ್ತ ಹರಡುತ್ತಿದ್ದ ಅಜ್ಜಿ ಒಳಗೆ ಓಡಿ ಬಾಗಿಲು ಹಾಕಿದರು. ಅಜ್ಜ ಕಿಟಕಿಯಿಂದ, "ನೀನು ಯಾರು? ಹತ್ತಿರ ಬರಬೇಡ" ಎಂದರು. ಪಾದ ಸರಿ ಉಂಟಾ, ನೆರಳು ಬೀಳ್ತದಾ ಎಂದೆಲ್ಲ ನೋಡುವವರೆಗೆ ಯುದ್ಧದಿಂದ ಬಂದವರು ಬಿಸಿಲಲ್ಲೇ ನಿಂತಿದ್ದರು. ಕೊನೆಗೆ ಒಳಗೆ ಕರೆದರು. ಆದರೆ ಊರಿಗೆ ಆ ಅಂಜಿಕೆ ಹೋಗಲೇ ಇಲ್ಲ. ಬೊಜ್ಜ ಆದವನಿಗೆ ಹೆಣ್ಣು ಕೊಡುವವರು ಯಾರು? ಸಣ್ಣಜ್ಜ ಮದುವೆಯಾಗದೆ ಉಳಿದರು.

ವಿಚಿತ್ರವೆಂದರೆ ಮುಂದಿನ ಆಟಿಯಲ್ಲಿ ಅವರ ಎಲೆ ಹಾಕದೆ ಬಿಟ್ಟಾಗ ಅವರೇ, "ನನ್ನ ಎಲೆ ಎಲ್ಲಿ?" ಎಂದು ಕೇಳಿದರಂತೆ. ಬದುಕಿರುವವನಿಗೆ ಹಾಕುವುದು ಅಪಶಕುನ ಎಂದು ಅಜ್ಜಿ ಹೇಳಿದರೂ ಬಿಡಲಿಲ್ಲ. ಹಾಗಾಗಿ ನಾನು ಹುಟ್ಟುವಾಗಲೂ ಆ ಎಲೆ ಇತ್ತು. ಒಳಗೆ ಸಣ್ಣಜ್ಜನ ಹೆಸರು ಕರೆಯುವುದು, ಹೊರಗೆ ಜಗಲಿಯಲ್ಲಿ ಸಣ್ಣಜ್ಜ ನಮ್ಮೊಟ್ಟಿಗೇ ಕೂತಿರುವುದು. ಆ ಹೊತ್ತಿಗೆ ನನಗೆ ಆಗುತ್ತಿದ್ದ ಹೆದರಿಕೆ ಹೇಳಲಿಕ್ಕಾಗದು. ಮೆಲ್ಲ ಅವರ ಕೈಬೆರಳು ಹಿಡಿದು ಬಿಸಿ ಉಂಟಾ ಎಂದು ನೋಡುತ್ತಿದ್ದೆ. ಬಿಸಿ ಇರುತ್ತಿತ್ತು. ಆದರೂ ಬಾಗಿಲು ತೆಗೆಯುವಾಗ ಆ ಎಲೆಯನ್ನು ನೋಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ನೋಡಿದವರು, ಈ ಸಲವೂ ಕೆದಕಿದೆ ಎನ್ನುತ್ತಿದ್ದರು. ಬೆಕ್ಕೋ ಇಲಿಯೋ ಇರಬೇಕೆಂದು ಕಾಲೇಜಿಗೆ ಹೋದ ಮೇಲೆ ನಾನೂ ಜಾಣತನ ಮಾಡಿದ್ದುಂಟು. ಬೆಕ್ಕು ಪ್ರತಿ ವರ್ಷ ಅದೇ ಎಲೆಗೆ ಏಕೆ ಬಾಯಿ ಹಾಕಬೇಕು ಎಂದು ಅಜ್ಜಿ ಕೇಳುತ್ತಿದ್ದರು.

ಮದುವೆಯಾದ ಹುಡುಗಿ ಮೊದಲ ಆಟಿಗೆ ತವರಿಗೆ ಬರುವುದು ನಮ್ಮ ಕಡೆಯ ಕ್ರಮ. ನಾನೂ ಬಂದೆ. ಹಪ್ಪಳದ ಕೋಪ ಹೊಟ್ಟೆಯಲ್ಲೇ ಇತ್ತು. ಒಳಗೆ ಬಡಿಸಿ ಬಾಗಿಲು ಮುಚ್ಚಿದಾಗ ಜಗಲಿಯ ತುದಿಯಲ್ಲಿ ಅವರ ಪಕ್ಕ ಕೂತು ಕೇಳಿಯೇಬಿಟ್ಟೆ.

"ಸಣ್ಣಜ್ಜ, ನಿಮ್ಮ ಎಲೆಯಲ್ಲಿ ಉಣ್ಣುದು ಯಾರು? ನನ್ನ ಮನೆಗೆ ಯಾಕೆ ಬರುದಿಲ್ಲ?"

"ಎರಡಕ್ಕೂ ಒಂದೇ ಉತ್ತರ, ಕೂಸೇ" ಎಂದರು. "ಚೆಲ್ಲಯ್ಯ ಅಂತ ಒಬ್ಬ ಇದ್ದ ಪಟಾಲಮ್ಮಿನಲ್ಲಿ ನನ್ನೊಟ್ಟಿಗೆ. ತಮಿಳಿನವ. ತಾಯಿ ತಂದೆ ಯಾರೂ ಇಲ್ಲ. ಯುದ್ಧ ಮುಗಿದ ಮೇಲೆ ನಮ್ಮ ಮನೆಗೇ ಬಾ ಅಂತ ಹೇಳಿದ್ದೆ. ಮಂಗಳೂರಲ್ಲಿ ಇಳಿ, ಪುತ್ತೂರಿಗೆ ಬಸ್ಸು ಉಂಟು, ಅಲ್ಲಿಂದ ಸುಬ್ರಹ್ಮಣ್ಯದ ದಾರಿ, ಹೊಳೆ ದಾಟಿ ಬಲಕ್ಕೆ ಹತ್ತಿದ್ರೆ ನಮ್ಮ ಮನೆ. ದಿನಾ ಸಂಜೆ ಬಾಯಿಪಾಠ ಮಾಡಿಸಿದ್ದು ನಾನೇ."

"ಮತ್ತೆ?"

"ರಬ್ಬರು ತೋಟದಲ್ಲಿ ಓಡುವಾಗ ಅವನ ತೊಡೆಗೆ ಗುಂಡು ಬಿತ್ತು. ಸ್ವಲ್ಪ ದೂರ ಹೊತ್ತೆ. ಆಗಲಿಲ್ಲ. ಮರಕ್ಕೆ ಒರಗಿಸಿ ಕೂರಿಸಿದೆ. ಇಲ್ಲೇ ಇರು, ಜನ ಕರ್ಕೊಂಡು ಬರ್ತೇನೆ ಅಂತ ಹೇಳಿ ಹೋದೆ. ಅಷ್ಟರಲ್ಲಿ ಆ ಸೈಕಲಿನ ಸದ್ದು. ನಮ್ಮ ಕಾಡಾದ್ರೆ ಪೊದೆ ಉಂಟು, ಗುಂಡಿ ಉಂಟು. ರಬ್ಬರಲ್ಲಿ ಎಂತ ಉಂಟು? ಎಲ್ಲಿ ನಿಂತ್ರೂ ಕಾಣ್ತದೆ. ನಾನು ತಿರುಗಿ ಹೋಗಲಿಲ್ಲ."

ನಾನು ಅವರ ಕೈಬೆರಳು ಹಿಡಿದುಕೊಂಡೆ.

"ಇಲ್ಲಿ ಬಂದು, ನನ್ನ ಎಲೆ ಯಾರೋ ಮುಟ್ಟಿದ್ದಾರೆ ಅಂತ ಅತ್ತಿಗೆ ಹೇಳುವಾಗ ನನಗೆ ಗೊತ್ತಾಯ್ತು. ದಾರಿ ಕೇಳಿಕೊಂಡು ಬಂದಿದ್ದಾನೆ. ಬಂದವನನ್ನು ಎಲೆಯ ಮುಂದಿನಿಂದ ಎಬ್ಬಿಸುದು ಹೇಗೆ? ಆದ್ರೆ ರಬ್ಬರು ತೋಟ ಕಂಡ ಕೂಡ್ಲೇ, ಇಲ್ಲ, ಅವ ಅಲ್ಲೇ ಕೂತಿದ್ದಾನೆ, ಯಾವುದೋ ಮರದ ಹಿಂದಿನಿಂದ ತಲೆ ಎತ್ತಿ ನನ್ನನ್ನು ನೋಡ್ತಾನೆ ಅಂತ ಆಗ್ತದೆ. ಕಾಲು ಬರುದಿಲ್ಲ, ಕೂಸೇ." ಆಮೇಲೆ ಸಣ್ಣ ಸ್ವರದಲ್ಲಿ ಕೇಳಿದರು, "ನನ್ನ ಹೆಸರಿನ ಜಾಗದಲ್ಲಿ ಅವ ಕೂತಾಯ್ತು. ನಾನು ಸತ್ತರೆ ಎಲ್ಲಿಗೆ ಹೋಗುದು?"

ಗುಂಡಿಗೆ, ಸೆರೆಗೆ, ಆನೆಗೆ ಹೆದರದ ಮನುಷ್ಯ ಇದಕ್ಕೆ ಹೆದರಿ ಮುದುಕರಾಗಿದ್ದರು. "ನಿಮಗೆ ಬೇರೆ ಎಲೆ ಹಾಕಿಸ್ತೇನೆ" ಎಂದು ನಾನು ಮಾತು ಕೊಟ್ಟೆ. ಹೆಣ್ಣುಮಗಳ ಮಾತಿಗೆ ಇಂಥ ವಿಷಯದಲ್ಲಿ ಎಷ್ಟು ಬೆಲೆ ಎಂದು ಆಗ ಯೋಚಿಸಲಿಲ್ಲ.

ಅವರು ತೀರಿಕೊಂಡದ್ದು ಕೆಲವು ವರ್ಷಗಳ ನಂತರ, ನಿದ್ದೆಯಲ್ಲಿ. ಹದಿಮೂರನೇ ದಿನದ ಬೊಜ್ಜದ ಮಾತು ಬಂದಾಗ ನಾನು ಹೆದರಿದ್ದೇ ಆಯಿತು. ಕುಟುಂಬದ ಹಿರಿಯರು, ನನ್ನ ದೊಡ್ಡಪ್ಪ, ತಲೆ ಕೊಡವಿದರು. "ಒಮ್ಮೆ ಸೇರಿಸಿದವನನ್ನು ಪುನಃ ಸೇರಿಸುದು ಎಲ್ಲಿಯೂ ಇಲ್ಲ. ಬೊಜ್ಜ ಆಗಿದೆ, ಎಲೆ ಉಂಟು. ಇನ್ನೆಂತ ಬೇಕು?"

ಅಡುಗೆಕೋಣೆಯಿಂದ ಎದ್ದು ಬಂದು, ಗಂಡಸರ ನಡುವೆ ನಿಂತು ಎಲ್ಲ ಹೇಳಿದೆ. ಆ ಬೊಜ್ಜ ಸಣ್ಣಜ್ಜನದಲ್ಲ, ಚೆಲ್ಲಯ್ಯ ಎಂಬವರದು, ನಮ್ಮವರದು ಇನ್ನೂ ಆಗಲೇ ಇಲ್ಲ ಎಂದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂದು ಬಾಗಿಲು ಹಾಕಿದವಳು ನಾನು. ಈಗ ಪುನಃ ಹಾಕುದು ಬೇಡ" ಎಂದರು. ಬೊಜ್ಜ ಆಯಿತು. ಆ ಆಟಿಗೆ ಎರಡು ಎಲೆ ಬಿತ್ತು. ಅಪ್ಪ ಎರಡು ಹೆಸರು ಕರೆದರು.

ನನ್ನ ಕೆಲಸ ಮುಗಿಯಿತೆಂದು ನೀವು ತಿಳಿದಿರಬಹುದು, ನಾನೂ ಹಾಗೇ ತಿಳಿದಿದ್ದೆ. ಬಾಗಿಲು ತೆಗೆದಾಗ ಮೊದಲ ಬಾರಿಗೆ ಧೈರ್ಯ ಮಾಡಿ ನೋಡಿದೆ. ಚೆಲ್ಲಯ್ಯನ ಎಲೆ ಯಾವಾಗಿನಂತೆ ಕೆದಕಿದ ಹಾಗಿತ್ತು. ಸಣ್ಣಜ್ಜನ ಎಲೆ ಇಟ್ಟ ಹಾಗೇ ಇತ್ತು. ಹೊಸಬರು, ನಿಧಾನಕ್ಕೆ ಬರ್ತಾರೆ ಎಂದು ಅಪ್ಪ ಸಮಾಧಾನ ಹೇಳಿದರು. ಅಪ್ಪನೂ ಹೋದರು, ಈಗ ತಮ್ಮ ಬಡಿಸುತ್ತಾನೆ. ಇವತ್ತಿನವರೆಗೆ ಆ ಎಲೆಯ ಒಂದು ಅಗುಳು ಕದಲಿಲ್ಲ. ಯಾರೋ ಬರುತ್ತಾರೆಂದು ಸಣ್ಣವಳಿದ್ದಾಗ ಹೆದರುತ್ತಿದ್ದೆ. ಈಗ ಬರುವುದಿಲ್ಲವಲ್ಲ ಎಂಬ ಹೆದರಿಕೆ.

ಇವತ್ತು ಸೀರೆಯನ್ನು ಮಂಚದ ಮೇಲೆ ಹಾಗೇ ಬಿಟ್ಟು ಯೋಚಿಸಿದೆ. ಹೆದರುವ ದೇಹ ಕಳಚಿದ ಮೇಲೆ ಸಣ್ಣಜ್ಜ ಮೊದಲು ಎಲ್ಲಿಗೆ ಹೋಗಿಯಾರು? ಬರ್ತೇನೆ ಎಂದು ಹೇಳಿ ಬಿಟ್ಟುಬಂದ ಜಾಗಕ್ಕೆ. ಅಲ್ಲಿ ಹೋಗಿ ನೋಡಿದರೆ ಮರದ ಬುಡದಲ್ಲಿ ಯಾರೂ ಇಲ್ಲ. ರಬ್ಬರಿನಲ್ಲಿ ಒಂದು ಮರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಎಲ್ಲಿದೆ? ಸಾಲಿನಿಂದ ಸಾಲಿಗೆ ಹುಡುಕುತ್ತಲೇ ಇದ್ದಾರೆ. ಹುಡುಕುತ್ತಾ ಎಲ್ಲೆಲ್ಲಿ ರಬ್ಬರು ಉಂಟೋ ಅಲ್ಲಿಗೆಲ್ಲ ಹೋಗುತ್ತಿದ್ದಾರೋ ಏನೋ.

ರಬ್ಬರು ತೋಟದ ಯಜಮಾನಿಗೆ ರಬ್ಬರು ಮರ ಕಂಡರೆ ಹೆದರಿಕೆ ಎಂದು ನನ್ನ ಗಂಡ ಕಂಡವರಲ್ಲೆಲ್ಲ ಹೇಳಿ ನಗುವುದುಂಟು. ಸುಳ್ಳಲ್ಲ. ಹೊಗೆಗೂಡಿನಿಂದಾಚೆ ನಾನು ಒಬ್ಬಳೇ ಹೋದವಳಲ್ಲ. ಇವತ್ತು ಹೋದೆ. ರಬ್ಬರಿನ ಹಾಲು ತೆಗೆಯುವವರು ಕೆಲಸ ಮುಗಿಸಿ ಹೋಗಿದ್ದರು. ನಾಲ್ಕು ಕಡೆಯೂ ಒಂದೇ ಸಮನೆ ಮರ, ನಡುವೆ ಒದ್ದೆ ಎಲೆ, ಎಲ್ಲಿ ತಿರುಗಿದರೂ ದೂರದವರೆಗೆ ಕಾಣುತ್ತದೆ. ಓಡಿಹೋಗೋಣ ಅನ್ನಿಸಿತು. ಒಂದು ಮರ ಹಿಡಿದು ನಿಂತುಕೊಂಡು, ಸ್ವರ ಬಂದಷ್ಟು ಗಟ್ಟಿಯಾಗಿ ಹೇಳಿದೆ:

"ಸಣ್ಣಜ್ಜ, ಚೆಲ್ಲಯ್ಯ ಇಲ್ಲಿಲ್ಲ. ಅವರು ನಮ್ಮ ಮನೆಗೆ ಬಂದು ಎಷ್ಟೋ ಕಾಲ ಆಯ್ತು. ಹುಡುಕಿದ್ದು ಸಾಕು. ನಾಳೆ ಬಡಿಸುದುಂಟು, ನೀವೂ ಬನ್ನಿ."