ಸಕ್ಕರೆ ಬಿಟ್ಟ ನಂಜುಂಡಯ್ಯನವರು

ಚಾಮರಾಜಪೇಟೆಯ ಆ ಹೋಟೆಲಿನ ಬಾಗಿಲಲ್ಲಿ ನಂಜುಂಡಯ್ಯನವರ ಕೊಡೆಯ ತುದಿ ಕಂಡರೆ ಸಾಕು, ಸಪ್ಲೈಯರ್ ಒಳಕ್ಕೆ ಕೂಗುತ್ತಿದ್ದ: "ವಿತೌಟ್ ಬಂದ್ರು." ಸಕ್ಕರೆ ಹಾಕದ ಕಾಫಿಗೆ ನಮ್ಮೂರಿನ ಹೋಟೆಲುಗಳಲ್ಲಿರುವ ಹೆಸರು ಅವರಿಗೇ ಅಂಟಿಕೊಂಡಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಯಾರಾದರೂ ಕೇಳಿದರೆ "ಕಾಶೀಲಿ ಬಿಟ್ಟು ಬಂದೆ" ಎನ್ನುತ್ತಿದ್ದರು. ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಪದಾರ್ಥವನ್ನು ಬಿಟ್ಟು ಬರುವುದು ವಾಡಿಕೆಯಾದ್ದರಿಂದ ಯಾರೂ ಮತ್ತೆ ಕೆದಕುತ್ತಿರಲಿಲ್ಲ. ಅವರು ಕಾಶಿಗೆ ಹೋಗಿರಲೇ ಇಲ್ಲ.

ಅವರು ಹತ್ತಿರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಲಗ್ನಪತ್ರಿಕೆಗಳೇ ಹೆಚ್ಚು. ಬಲಗೈ ತೋರುಬೆರಳಿನ ತುದಿಯಲ್ಲಿ ಸದಾ ಕೆಂಪು ಶಾಯಿ. ಹೋಟೆಲಿನ ಹಲಗೆಯ ಮೇಲೆ ತಿಂಡಿಯ ಹೆಸರು ತಪ್ಪಾಗಿದ್ದರೆ ಎದ್ದು ಹೋಗಿ ಒರೆಸಿ, ತಿದ್ದಿ ಬಂದು ಕೂರುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಆ ಸುತ್ತಿನ ಎಷ್ಟೋ ವಿದ್ಯಾರ್ಥಿಗಳ ಪ್ರಬಂಧಗಳು ಮೊದಲು ರೂಪ ತಳೆದದ್ದು ಅವರ ಮೇಜಿನ ಪಕ್ಕದಲ್ಲೇ.

ನಾನು ಅವರ ಬಳಿ ಹೋದದ್ದು ೧೯೯೮ರಲ್ಲಿ, ಬೇರೆ ದಾರಿ ಕಾಣದೆ. ಇತಿಹಾಸ ಎಂ.ಎ.ಯ ಕೊನೆಯ ವರ್ಷ. ನನ್ನ ಪ್ರಬಂಧದ ರೂಪರೇಖೆಯನ್ನು ಗೈಡ್ ಎರಡು ಸಲ ಹಿಂದಿರುಗಿಸಿದ್ದರು. "ಮಾಹಿತಿ ರಾಶಿ ಇದೆ, ಪ್ರಶ್ನೆ ಎಲ್ಲಿದೆ?" ಎಂದಿದ್ದರು. ಮೂರನೆಯ ಸಲವೂ ಒಪ್ಪದಿದ್ದರೆ ವರ್ಷ ಹೋಗುತ್ತಿತ್ತು. ವರ್ಷ ಹೋದರೆ ಓದು ಅಲ್ಲಿಗೇ ಮುಗಿಯಿತೆಂದು ಮನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ನನಗೆ ಉಳಿದಿದ್ದದ್ದು ಹನ್ನೆರಡು ದಿನ.

"ವಿಷಯ ಏನಮ್ಮಾ?" ಎಂದರು ನಂಜುಂಡಯ್ಯನವರು.

"ಬಹಿಷ್ಕಾರ ಸಾರ್. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಎಷ್ಟೋ ಮನೆಗಳವರು ಸಕ್ಕರೆ ಕೊಳ್ಳೋದು ಬಿಟ್ರು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರ ಕೈಲಿ ಕಬ್ಬು ಬೆಳೆಸ್ತಿದ್ರಲ್ಲ, ಅದಕ್ಕೆ. ಗುಲಾಮಗಿರಿ ಹೋಗೋದಕ್ಕೆ ಅದೂ ಒಂದು ಕಾರಣ ಅಂತ ನನ್ನ ವಾದ."

ಅವರು ಪ್ರೆಸ್ಸಿಗೆ ತರಿಸಿಕೊಂಡಿದ್ದ ಕಾಫಿಯ ಲೋಟ ಬಾಯಿಗೆ ಮುಟ್ಟದೆ ನಿಂತಿತು ಎಂದು ನನ್ನ ನೆನಪು. ಇದು ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು.

"ಪೂರ್ತಿ ಬಿಟ್ರಾ?"

"ಹೂಂ ಸಾರ್. ಕೆಲವರು ಸಕ್ಕರೆ ಬಟ್ಟಲಿನ ಮೇಲೇ, ಇದು ಗುಲಾಮರು ಬೆಳೆದದ್ದಲ್ಲ ಅಂತ ಬರೆಸ್ತಿದ್ರು."

"ಬಟ್ಟಲ ಮೇಲೆ ಬರೆಸಿದ್ರೆ ಪ್ರೂಫ್ ಯಾರು ನೋಡಿದ್ರೋ ಪಾಪ" ಎಂದು ನಕ್ಕು, ಮೇಜಿನ ಕೆಳಗಿಂದ ಒಂದು ಕಟ್ಟು ತೆಗೆದರು.

ಅದು ಅವರ ವಿಧಾನ. ತಪ್ಪು ಅಚ್ಚಾಗಿ ರದ್ದಾದ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ. ಅದರ ಮೇಲೆ ಟಿಪ್ಪಣಿ ಬರೆಸುತ್ತಿದ್ದರು. "ಒಂದು ಕಾರ್ಡಿಗೆ ಒಂದೇ ಮಾತು. ಇನ್ನೊಂದು ಮಾತು ಬಂತಾ, ಇನ್ನೊಂದು ಮದುವೆ ಹುಡುಕ್ಕೊ." ಬರೆದ ಕಾರ್ಡುಗಳನ್ನು, ಅಚ್ಚಾದ ಹಾಳೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಬೇಕು. ಸಾಲು ಬದಲಿಸುತ್ತ ಬದಲಿಸುತ್ತ ಅಧ್ಯಾಯಗಳು ಮೂಡಬೇಕು. ಫ್ಯಾನಿನ ಗಾಳಿಗೆ ಕಾರ್ಡುಗಳು ತಿರುಗಿದಾಗ ಒಂದು ಕಡೆ ನನ್ನ ಗುಲಾಮರ ಹಡಗು, ಇನ್ನೊಂದು ಕಡೆ ಯಾರದೋ ಚಿರಂಜೀವಿ ಸೌಭಾಗ್ಯವತಿ.

ಐದು ದಿನ ಬರೆದೆ. ಸಾಲು ಕೂಡಲಿಲ್ಲ. ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನಂಜುಂಡಯ್ಯನವರು ಸಮಾಧಾನ ಹೇಳಲಿಲ್ಲ. ಹಗ್ಗವನ್ನು ಈ ತುದಿಯಿಂದ ಆ ತುದಿಗೆ ಓದಿದರು. ಒಂದು ಕಾರ್ಡು ತೆಗೆದು ಕೆಂಪು ಶಾಯಿಯಲ್ಲಿ ಏನೋ ಬರೆದು ನಟ್ಟನಡುವೆ ಸಿಕ್ಕಿಸಿದರು. "ಕಬ್ಬು ಕಡಿಯುವವರಿಗೆ ಗೊತ್ತಾಯಿತೆ?"

"ಅಲ್ಲಮ್ಮಾ, ಇಲ್ಲೊಬ್ಬಳು ಸಪ್ಪೆ ಟೀ ಕುಡೀತಾಳೆ. ಸಮುದ್ರದ ಆಚೆ ಒಬ್ಬ ಕಬ್ಬು ಕಡೀತಾನೆ. ಇವಳು ತನಗೋಸ್ಕರ ಬಿಟ್ಟಿದಾಳೆ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ ಅಂದ್ರೆ, ಬಿಟ್ಟಿದ್ದಕ್ಕೆ ಅರ್ಥ ಏನು?"

"ಕೊಳ್ಳೋದು ನಿಂತ್ರೆ ವ್ಯಾಪಾರಕ್ಕೆ ಪೆಟ್ಟು ಬೀಳತ್ತಲ್ಲ ಸಾರ್."

"ನಾನು ವ್ಯಾಪಾರದ್ದು ಕೇಳ್ಲಿಲ್ಲ" ಎಂದರು. ದನಿ ಒರಟಾಗಿತ್ತು.

ಅದೇ ನನ್ನ ಪ್ರಶ್ನೆಯಾಯಿತು. ನನ್ನ ಕಾರ್ಡುಗಳಲ್ಲಿ ಇಂಗ್ಲೆಂಡಿನ ಊಟದ ಮೇಜುಗಳೆಲ್ಲ ಇದ್ದವು, ಗುಲಾಮರು ಮಾತ್ರ ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಅವರೇನು ಯಾರೋ ಸಕ್ಕರೆ ಬಿಡಲಿ ಎಂದು ಕಾದು ಕೂತಿರಲಿಲ್ಲ, ತಾವೇ ದಂಗೆ ಎದ್ದಿದ್ದರು. ಅದನ್ನು ಬರೆಯಲು ಹೊಸ ಕಾರ್ಡು ಬೇಕಾಯಿತು. ನಂಜುಂಡಯ್ಯನವರು ಊಟಕ್ಕೆ ಹೋಗಿದ್ದರು. ನಾನೇ ಮೇಜಿನ ಕೆಳಗಿದ್ದ ಹೊಸ ಕಟ್ಟು ಬಿಚ್ಚಿದೆ. ಎಲ್ಲವೂ ಒಂದೇ ಮದುವೆಯ ಕಾರ್ಡುಗಳು. ಅವರ ಜೊತೆ ಇದ್ದು ನನಗೂ ತಪ್ಪು ಹುಡುಕುವ ಚಟ ಹತ್ತಿತ್ತು. ಎರಡು ಸಲ ಓದಿದೆ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ವಧುವಿನ ಹೆಸರು ಸುಮಿತ್ರಾ, ಶ್ರೀ ನಂಜುಂಡಯ್ಯನವರ ಪುತ್ರಿ.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಶಫಿ ಸಾಹೇಬರು ನನ್ನ ಮುಖ ನೋಡಿ ಹತ್ತಿರ ಬಂದರು. "ಅದನ್ಯಾಕೆ ಬಿಚ್ಚಿದ್ರಿ ಮೇಡಂ" ಎಂದರು. ಆಮೇಲೆ ಹೇಳಿದರು. "ಹುಡುಗ ಬೇರೆ ಜಾತಿ. ಅಪ್ಪನ ಪ್ರೆಸ್ಸಲ್ಲೇ ಆಗ್ಲಿ ಅಂತ ಆಯಮ್ಮ ಬಂದು ಆರ್ಡರ್ ಕೊಟ್ಲು. ಇವರು ರಜದಲ್ಲಿದ್ರು, ಪ್ರೂಫ್ ನಾನೇ ನೋಡ್ದೆ. ಅಚ್ಚಾಗಿ ಕಟ್ಟು ಕಟ್ಟಿಟ್ಟಿದ್ವಿ. ಇವರು ಬಂದು ಮೇಲಿನ ಕಾರ್ಡು ತಗೊಂಡು, ತಮ್ಮ ಹೆಸರಿಗೇ ಕೆಂಪಲ್ಲಿ ಗೀಟು ಹಾಕಿ, ತೆಗೀಬೇಕು ಅಂತ ಮಾರ್ಕ್ ಮಾಡಿಟ್ರು. ಎಲ್ಲಾ ಇನ್ನೊಂದ್ ಸಲ ಹೊಡೆದ್ವಿ, ಅವರ ಹೆಸರಿಲ್ದೆ. ಆವತ್ತು ಸಾಯಂಕಾಲದಿಂದ ವಿತೌಟು. ಐದು ವರ್ಷ ಆಯ್ತು. ಮಗಳು ಇಲ್ಲೇ ಹನುಮಂತನಗರದಲ್ಲಿ ಇದಾಳೆ."

"ಅವರಿಗೆ ಗೊತ್ತಾ, ಇವರು ಸಕ್ಕರೆ ಬಿಟ್ಟಿರೋದು?"

"ಯಾರು ಹೇಳ್ತಾರೆ ಮೇಡಂ?"

ನಾನು ಹೇಳುತ್ತೇನೆ ಎಂದುಕೊಂಡೆ. ಅವರಿಗಾಗಿಯೋ, ಪ್ರಬಂಧದಲ್ಲಿ ಸಿಗದ ಉತ್ತರ ಬದುಕಿನಲ್ಲಾದರೂ ಸಿಗಲೆಂದೋ, ಈಗಲೂ ಹೇಳಲಾರೆ. ಮಂಗಳವಾರ ಶಫಿ ಸಾಹೇಬರಿಂದ ವಿಳಾಸ ಪಡೆದು ಹನುಮಂತನಗರಕ್ಕೆ ಹೋದೆ. ಸುಮಿತ್ರಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಆ ಕಟ್ಟಿನಿಂದ ತಂದು ನಾನು ಕೊಟ್ಟ ಲಗ್ನಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸಕ್ಕರೆ ಬಿಟ್ರಂತಾ? ನನಗೇನು ಬಂತು ಅದ್ರಿಂದ? ಬಾಗ್ಲು ತೆಗೀಬೇಕಿತ್ತು. ನನ್ನ ಮಗೂಗೆ ತಾತ ಯಾರು ಅಂತ ಗೊತ್ತಿಲ್ಲ."

ನಾನು ಚಪ್ಪಲಿ ಹಾಕಿಕೊಂಡೆ. ಗೇಟಿನ ತನಕ ಬಂದರು.

"ಏ, ಕೇಳಿಲ್ಲಿ. ನನಗೆ ಗೊತ್ತಾಯ್ತು ಅಂತ ಅಪ್ಪಂಗೆ ಹೇಳ್ಬಿಡು. ಅವರು ಒಂದ್ ಮಾತು ಕರೆದ್ರೆ ಬರ್ತೀನಿ. ಕರೀದೆ ಬರಲ್ಲ. ಇದನ್ನೂ ಹೇಳು."

ಬುಧವಾರ ಪ್ರೆಸ್ಸಿಗೆ ಹೋದರೆ ನಂಜುಂಡಯ್ಯನವರ ಕುರ್ಚಿ ಖಾಲಿ. ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆಂದು ಶಫಿ ಸಾಹೇಬರು ಹೇಳಿದರು. ಹಗ್ಗದ ಮೇಲೆ ನನ್ನ ಕಾರ್ಡುಗಳು ಹಾಗೇ ಇದ್ದವು. ಮಾರನೆಯ ದಿನ ಗುರುವಾರ, ನನ್ನ ಕೊನೆಯ ದಿನ. ನಾನು ಕಾರ್ಡುಗಳನ್ನು ಸಾಲಿನ ಪ್ರಕಾರ ಬಿಡಿಸಿಕೊಂಡೆ.

ಆಸ್ಪತ್ರೆಯ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಗುರುವಾರ, ಐದು ಗಂಟೆಯ ಸುಮಾರು. ಕಬ್ಬಿಣದ ಮಂಚ, ಹಸಿರು ಹೊದಿಕೆ, ಅದರ ಮೇಲೆ ಕೆಂಪು ತುದಿಯ ಬೆರಳು. ನಾನು ಕಿವಿಯ ಹತ್ತಿರ ಬಗ್ಗಿ, "ಸುಮಿತ್ರಕ್ಕಂಗೆ ಗೊತ್ತಾಯ್ತು ಸಾರ್" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ತುಟಿ ಅಲುಗಿತು.

ಶುಕ್ರವಾರ ಬೆಳಿಗ್ಗೆ ಅವರು ತೀರಿಕೊಂಡರು. ಅವರ ಮನೆಯ ಮುಂದೆ ಜನ ನಿಂತಿದ್ದರು. ಸುಮಿತ್ರಕ್ಕ ಮಗುವನ್ನು ಎತ್ತಿಕೊಂಡು ಆಟೋದಿಂದ ಇಳಿದವರು ಒಳಗೆ ಹೋಗದೆ ಮೊದಲು ನನ್ನ ತೋಳು ಹಿಡಿದರು.

"ಹೇಳಿದ್ಯಾ?"

"ಹೇಳಿದೆ ಅಕ್ಕ."

"ಏನಂದ್ರು?"

"ಕಣ್ಣು ಮುಚ್ಚಿಕೊಂಡ್ರು. ಏನೋ ಹೇಳಕ್ಕೆ ತುಟಿ ಅಲುಗಿಸಿದ್ರು."

"ಕರೆದ್ರಾ?"

ಹೌದೆಂದೋ ಇಲ್ಲವೆಂದೋ ತಲೆ ಆಡಿಸಿದೆ. ಅವರು ಅದನ್ನು ಹೌದೆಂದು ತೆಗೆದುಕೊಂಡು ಒಳಗೆ ಹೋದರು. ಮಗು ಅವರ ಭುಜದ ಮೇಲಿಂದ ನನ್ನನ್ನು ನೋಡುತ್ತಿತ್ತು.

ಇಷ್ಟನ್ನು ಬರೆಯಲು ಕೂತಾಗ ದಿನಾಂಕ ಖಚಿತಪಡಿಸಿಕೊಳ್ಳೋಣವೆಂದು ಆ ವರ್ಷದ ಡೈರಿ ತೆಗೆದೆ. ಗುರುವಾರದ ಪುಟದಲ್ಲಿ ನನ್ನದೇ ಕೈಬರಹ: "ರೂಪರೇಖೆ ಒಪ್ಪಿದರು. ಪ್ರಶ್ನೆ ಚೆನ್ನಾಗಿದೆ ಅಂದರು. ನಾಲ್ಕಕ್ಕೆ ಮನೆ. ಊಟ ಮಾಡಿ ಮಲಗಿಬಿಟ್ಟೆ. ನಾಳೆ ಆಸ್ಪತ್ರೆಗೆ ಹೋಗಿ ನಂಜುಂಡಯ್ಯನವರಿಗೆ ಇದನ್ನೂ ಸುಮಿತ್ರಕ್ಕನ ಮಾತನ್ನೂ ಹೇಳಬೇಕು."

ಹಸಿರು ಹೊದಿಕೆಯನ್ನು ನಾನು ಎಲ್ಲಿಂದ ತಂದೆನೋ ತಿಳಿಯದು. ನಂಜುಂಡಯ್ಯನವರ ಮನೆಯ ಮುಂದೆ ಆಡಿದ ಒಂದು ಸುಳ್ಳಿಗೆ ಮಂಚ, ಗಂಟೆ, ಬೆರಳು ಎಲ್ಲವನ್ನೂ ಆಮೇಲೆ ಕಟ್ಟಿಕೊಟ್ಟಿದ್ದೇನೆ. ಪ್ರಬಂಧಕ್ಕೆ ಮೊದಲ ದರ್ಜೆ ಬಂತು. ಅದರ ಕಾರ್ಡುಗಳೆಲ್ಲ ಹೋಗಿ ಅವರು ಪ್ರಶ್ನೆ ಬರೆದ ಒಂದೇ ಒಂದು ಆ ಡೈರಿಯಲ್ಲಿ ಉಳಿದಿದೆ. ಕೆಂಪು ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಸುಮಿತ್ರಕ್ಕ ಈಗಲೂ ಹನುಮಂತನಗರದಲ್ಲೇ ಇದ್ದಾರೆ. ಅಪ್ಪ ಕೊನೆಗೆ ತನ್ನನ್ನು ಕರೆದರೆಂದೇ ತಿಳಿದಿದ್ದಾರೆ. ಮಗಳಿಗೆ ಗೊತ್ತಾಯಿತೆಂದು ನಂಜುಂಡಯ್ಯನವರಿಗೆ ಮಾತ್ರ ಗೊತ್ತಾಗಲಿಲ್ಲ.