ಐವರು ಸೇರಿ ಒಬ್ಬ ಗುಮಾಸ್ತ

ಆ ಸಂತೆಯ ದಿನ ನಸುಕಿನಲ್ಲೇ ಎದ್ದು ಅಂಗಳ ಸಾರಿಸಿದೆ. ಎಮ್ಮೆ ಹಿಂಡಿದೆ. ಜೋಳ ಬೀಸಿದೆ, ಶೇಂಗಾ ಹುರಿದು ಚಟ್ನಿ ಕುಟ್ಟಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಮಾವನವರ ಧೋತರ ಒಗೆದು ಒಣಹಾಕಿದೆ. ಆಮೇಲೆ ನಾಟಕದವರಿಗೆ ರೊಟ್ಟಿ ಬಡಿಯಲು ಕುಳಿತೆ. ಇದನ್ನೆಲ್ಲ ಮೊದಲೇ ಹೇಳುವುದು ಯಾಕೆಂದರೆ, ಆ ದಿನ ನಮ್ಮ ಹಿರೇಕೆರೂರಿನ ಮನೆಯಲ್ಲಿ ಅರ್ಥವಾಗುವಂಥ ಕೆಲಸ ನಡೆದದ್ದು ಇಷ್ಟೇ.

ನಾಟಕದವರೆಂದರೆ ನನ್ನ ಮೈದುನ ಮತ್ತು ಪುಣೆಯ ಕಾಲೇಜಿನಲ್ಲಿ ಅವನ ಜೊತೆ ಓದುತ್ತಿದ್ದ ನಾಲ್ವರು. ಹಾನಗಲ್ಲಿನವನೊಬ್ಬ, ಶಿಗ್ಗಾವಿಯವನೊಬ್ಬ, ಸವಣೂರಿನವರಿಬ್ಬರು. ರಷ್ಯಾದವರು ಯಾರೋ ಬರೆದ ತಲೆಬುಡವಿಲ್ಲದ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಿ, ಅದೇ ಧಾಟಿಯಲ್ಲಿ ತಾವೂ ಒಂದು ನಾಟಕ ಕಟ್ಟಿದ್ದರು. ಒಬ್ಬ ಗುಮಾಸ್ತ ತನ್ನ ಮನೆಗೆ ಬಂದು ಬಾಗಿಲು ಬಡಿಯುತ್ತಾನೆ. ಒಳಗಿನಿಂದ ಅವನೇ 'ಮನ್ಯಾಗ ಯಾರೂ ಇಲ್ರಿ' ಅನ್ನುತ್ತಾನೆ. ಮುಗಿಯಿತು ಕಥೆ. ಆ ಒಬ್ಬ ಗುಮಾಸ್ತನಾಗಿ ಐವರೂ ನಿಲ್ಲುವುದು, ಒಟ್ಟಿಗೆ ಕೆಮ್ಮುವುದು, ಒಟ್ಟಿಗೆ ಬಾಗುವುದು.

"ಹಾಡು ಎಷ್ಟು ಅದಾವೋ?" ಎಂದು ಅತ್ತೆ ಮಗನನ್ನು ಕೇಳಿದರು.

"ಒಂದೂ ಇಲ್ಲವ್ವ."

"ರಾಜಾ?"

"ಇಲ್ಲ."

"ಸಾಯೋದಕ್ಕರ ಯಾರರ ಅದಾರೋ ಇಲ್ಲೋ?"

"ಇದು ಹೊಸಾ ನಾಟಕ ಅವ್ವ. ನಾಯಕ ಅನ್ನಾಂವನ ಇಲ್ಲ. ಎಲ್ಲಾರೂ ಕೂಡಿ ಒಬ್ಬ."

ಅತ್ತೆ ನನ್ನ ಕಡೆ ತಿರುಗಿದರು. "ಹಂಗಾರ ಒಬ್ಬಂಗ ಆಗೋವಷ್ಟು ರೊಟ್ಟಿ ಬಡಿಯವಾ, ಸಾಕು."

ನಕ್ಕೆವು. ಆದರೆ ಮೈದುನನಿಗೆ ಇದು ನಗೆಯ ಮಾತಾಗಿರಲಿಲ್ಲ. ಪುಣೆಗೆ ಮರಳಿ ಆ ನಾಲ್ವರೊಂದಿಗೆ ನಾಟಕ ಆಡಿಕೊಂಡೇ ಇರಬೇಕೆಂದು ಅವನ ಹಟ. ತಮ್ಮ ಅರಳೆ ವ್ಯಾಪಾರದ ಗಾದಿಯ ಮೇಲೆ ಅವನು ಕೂಡಬೇಕೆಂದು ಮಾವನವರ ಹಟ. ನಮ್ಮ ಕಡೆ ನಾಟಕ ಮನಸ್ಸಿಗೆ ಬಂದರೆ ಊರ ಹಿರಿಯರು ಆಟದ ನಡುವೆಯೇ ರಂಗಕ್ಕೆ ಏರಿ, ನಟನ ತಲೆಗೆ ರುಮಾಲು ಸುತ್ತಿ ಆಯೇರಿ ಮಾಡುತ್ತಾರೆ. ಮಾವನವರು ಅದನ್ನೇ ಕರಾರು ಮಾಡಿದರು.

"ಒಬ್ಬರರ ನಿನಗ ಆಯೇರಿ ಮಾಡಿದ್ರ ನಾಳೆನ ಪುಣೆಕ್ಕ ಹೋಗು. ಇಲ್ಲಂದ್ರ ಗಾದಿ ಮ್ಯಾಲೆ ಕುಂಡ್ರು. ಮತ್ತ ಮಾತಿಲ್ಲ."

ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಅರಳೆ ತುಂಬಿಡುವ ನಮ್ಮ ವಖಾರಿಯ ಬಯಲಿನಲ್ಲಿ ಮಧ್ಯಾಹ್ನವೇ ಆಟ. ಪರದೆ ಇರಲಿಲ್ಲ, ಅದೂ ಹೊಸತನವಂತೆ. ಆದರೂ ಊರಿಗೆ ಬಂದ ಕಂಪನಿಗಳಿಗೆಲ್ಲ ಪರದೆ ಎಳೆಯುತ್ತಿದ್ದವನು ರೂಢಿಯಂತೆ ಬಂದು, ಕಂಬಕ್ಕೆ ಹಗ್ಗ ಕಟ್ಟಿ, ತುದಿ ಹಿಡಿದು ನಿಂತಿದ್ದ. ಸಂತೆಗೆ ಬಂದ ಮಂದಿ ಚೀಲ ಮಡಚಿ ಹಾಕಿಕೊಂಡು ಕುಳಿತರು. ಗಣಪತಿಯ ಸ್ತುತಿಯಾದರೂ ಬಂದೀತೆಂದು ಕೈ ಜೋಡಿಸಿದರು. ಐವರು ಬಂದು ಕೆಮ್ಮಿದರು. ಬಾಗಿಲು ಬಡಿದರು. ಬಾಗಿಲೂ ಇರಲಿಲ್ಲ!

"ಏ, ಮೊದಲ ಬಾಗಲಾ ತಗೊಂಡು ಬರ್ರೋ!" ಎಂದಿತು ಒಂದು ದನಿ.

"ಮನ್ಯಾಗ ಯಾರೂ ಇಲ್ರಿ," ಎಂದರು ಐವರು.

"ಹಂಗಾರ ನಾವು ಹೊಂಡ್ತೇವ್ರೆಪಾ!" ಎಂದಿತು ಇನ್ನೊಂದು.

ಆಗ ಮುದಿ ಗೌಡರು ಎದ್ದರು. ಎಂಥ ನಾಟಕವೇ ಆಗಲಿ, ಆಯೇರಿ ಮಾಡದೆ ಮನೆಗೆ ಹೋದ ಜೀವವಲ್ಲ ಅದು. ಹೆಗಲ ಮೇಲಿನ ಹೊಸ ರುಮಾಲು ಹಿಡಿದು ರಂಗಕ್ಕೆ ಏರಿದರು.

"ಗುಮಾಸ್ತ ಯಾರಪಾ?"

"ನಾನು," ಎಂದರು ಐವರು, ಒಂದೇ ಉಸಿರಿಗೆ.

"ಒಬ್ಬರು ಹೇಳ್ರಿ."

"ನಾನು."

ಐದು ತಲೆಗಳು ಒಟ್ಟಿಗೆ ಬಾಗಿದವು. ಮೈದುನ ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಸಾಕಿತ್ತು. ಹೆಂಗಸರ ನಡುವೆ ಕುಳಿತು ನಾನು ಸೆರಗು ಹಿಂಡುತ್ತಿದ್ದೆ. ಅವನು ಅಪ್ಪನ ಕಡೆ ನೋಡಿದ, ಆ ನಾಲ್ವರ ಕಡೆ ನೋಡಿದ, ಅಲುಗಲಿಲ್ಲ.

"ರುಮಾಲ ಒಂದ ಐತಿ. ಹರದು ಹಂಚ್ಲೇನು?" ಎಂದು ಗೌಡರು ಗೊಣಗಿದರು. ಸುತ್ತ ನೋಡಿ, ಹಗ್ಗ ಹಿಡಿದವನ ಹತ್ತಿರ ಹೋಗಿ, ಅವನ ತಲೆಗೆ ಸುತ್ತಿದರು. "ನೀನರ ಒಬ್ಬನ ಅದಿಯಲ್ಲೋ, ಪುಣ್ಯಾತ್ಮ."

ಆ ಮಧ್ಯಾಹ್ನ ಮಂದಿ ಚಪ್ಪಾಳೆ ತಟ್ಟಿದ್ದು ಅದೊಂದಕ್ಕೆ. 'ಒನ್ಸ್ ಮೋರ್' ಎಂದೂ ಕೂಗಿದರು.

ಮನೆಗೆ ಬಂದು ಕಾಲು ತೊಳೆಯುತ್ತ ಮಾವನವರು ಹೇಳಿದರು: "ಆಯೇರಿ ಆತಲ್ಲ. ಹಗ್ಗಾ ಹಿಡದಾಂವ ಪುಣೆಕ್ಕ ಹೋಗ್ಲಿ."

ಮೈದುನನಿಗೆ ನೀರು ಕೊಡುವಾಗ ನಾನೇ ಕೇಳಿದೆ. "ಒಂದ ಹೆಜ್ಜಿ ಮುಂದ ಇಡಾಕ ನಿನಗ ಏನಾಗಿತ್ತೋ?"

"ಇಟ್ಟಿದ್ರ ನಾಟಕಾ ಸುಳ್ಳಾಗ್ತಿತ್ತು, ವೈನಿ."

ನಾಟಕ ಸುಳ್ಳಾಗದೇ ಇರುವುದುಂಟೇ? ಇಷ್ಟು ಓದಿದವನಿಗೆ ಅದನ್ನು ನಾನು ಹೇಳಬೇಕೆ! ಎಲ್ಲರೂ ಕೂಡಿ ಒಬ್ಬ ಎಂದಿದ್ದ ಆ ನಾಲ್ವರು ಸಂಜೆಯ ಮೋಟಾರು ಹತ್ತಿ ತಮ್ಮ ತಮ್ಮ ಊರಿಗೆ ಹೋದರು. ಒಬ್ಬನಾದರೂ ಹಿಂದೆ ಉಳಿದು ಮಾವನವರ ಎದುರು ಅವನ ಪರವಾಗಿ ಒಂದು ಮಾತು ಆಡಲಿಲ್ಲ. ಗಾದಿಯ ಮೇಲೆ ಕೂಡುವುದಕ್ಕೆ ಮಾತ್ರ ಇವನೊಬ್ಬನೇ. ಮರುದಿನ ತೊಡಲು ಅವನ ಕರಿ ಕೋಟು ಜಾಡಿಸಿ ಗೂಟಕ್ಕೆ ಹಾಕಿದೆ.

ರಾತ್ರಿ ಉಳಿದ ರೊಟ್ಟಿ, ಝುಣಕ, ಮಜ್ಜಿಗೆ. ಮೈದುನ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟ. ಮಾವನವರು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ.